ಮೊಣಕೈಗೊಂದು ಇಳಕಲ್ ತುಂಡು

ನ್ಯೂರೆಂಬರ್ಗ್
ಸಂಜೆ ನಾಲ್ಕೂವರೆ

ನನ್ನ ಪವಿ,

ಆಗಲೇ ಕತ್ತಲಾಗಿದೆ. ಬೆಳಿಗ್ಗೆ ಎರಡು ರೊಟ್ಟಿ ಬಡಿದೆ. ನಿನ್ನಪ್ಪ ಒಂದು ತಿಂದು ಆಫೀಸಿಗೆ ಹೋದರು, ಇನ್ನೊಂದು ಉಳಿಯಿತು. ಆಮೇಲೆ ನಿನ್ನ ಸ್ವೆಟರನ್ನು ತೊಡೆಯ ಮೇಲೆ ಹಾಸಿಕೊಂಡು ಕೂತವಳು ಎದ್ದದ್ದೇ ಕಡಿಮೆ. ಎದುರಿನ ಕಟ್ಟಡದಲ್ಲಿ ಒಂದೊಂದೇ ಕಿಟಕಿ ಬೆಳಗುತ್ತಿದೆ, ಹಳದಿ, ಕೆಂಪು, ಕಿತ್ತಳೆ. ನೋಡುತ್ತ ನೋಡುತ್ತ ಆ ಗೋಡೆ ನಿನ್ನ ಸ್ವೆಟರಿನ ಹಾಗೆ, ಸ್ವೆಟರು ನಮ್ಮವ್ವ ಹಳೇ ಸೀರೆಗಳಿಂದ ಹೊಲಿದ ಕೌದಿಯ ಹಾಗೆ ಕಾಣುತ್ತದೆ.

ಫ್ಲೋಮಾರ್ಕ್ಟ್ ಎಂಬ ಹಳೇ ಸಾಮಾನಿನ ಸಂತೆಯಲ್ಲಿ ಬಟ್ಟೆಯ ರಾಶಿಯಿಂದ ಇದನ್ನು ಹೆಕ್ಕಿ ತಂದ ದಿನ ನಾನು ಬೈದೆ. "ಬರೇ ತ್ಯಾಪಿ! ಭಿಕ್ಷಾ ಬೇಡಾಕ ಹೊಂಟೀ ಏನ?" ನೀನು ನಕ್ಕೆ. "ಅವ್ವಾ, ಇದು ಇಟಲೀದು. ಹಿಪ್ಪಿಗಳು ಸಿಕ್ಕ ಸಿಕ್ಕ ತುಂಡು ಜೋಡಿಸಿ ಹಾಕ್ಕೋತಿದ್ರು. ಅಲ್ಲಿ ದೊಡ್ಡ ಫ್ಯಾಶನ್ ಮಂದಿ ಅದನ್ನ ನೋಡೇ ಕಲ್ತ್ರು. ಹಂಗ ನೋಡಿದ್ರ ಅಜ್ಜೀನೇ ಫಸ್ಟ್ ಹಿಪ್ಪಿ!" ಮೊಣಕೈ ಹರಿದಿತ್ತು. ತೇಪೆಗೆಂದು ನೀನು ನನ್ನ ಹಸಿರು ಇಳಕಲ್ ಸೀರೆಯ ತುಂಡು ಕೇಳಿದೆ. ಒಳ್ಳೇ ಸೀರೆ ಕತ್ತರಿಸುವುದಿಲ್ಲ ಎಂದೆ. ನೀನು ಮತ್ತೆ ಕೇಳಲಿಲ್ಲ. ಆ ತೂತಿನಲ್ಲೇ ಎರಡು ಚಳಿಗಾಲ ಕಳೆದೆ. ಮೂರನೆಯದಕ್ಕೆ ಮೊದಲೇ ಆ ಜ್ವರ ಬಂದು ನಿನ್ನನ್ನು ಒಯ್ದಿತು.

ನಿನ್ನೆ ನಿನ್ನ ಕರಾವಳಿ ಕಡೆಯ ಗೆಳತಿ ಶ್ಯಾರನ್ ಫೋನ್ ಮಾಡಿದ್ದಳು. ನಿಮ್ಮ ಕಾಲೇಜಿನಲ್ಲಿ ಪ್ರದರ್ಶನವಂತೆ. ಇಟಲಿಯ ಈ ತೇಪೆ ಹೆಣಿಗೆಯ ಬಗ್ಗೆ ನೀನು ಬರೆದದ್ದನ್ನು ಗೋಡೆಗೆ ಹಚ್ಚಿ, ಪಕ್ಕದಲ್ಲಿ ಸ್ವೆಟರ್ ಇಡುತ್ತಾರಂತೆ, ಮುಂದೆಯೂ ಅಲ್ಲೇ ಇಟ್ಟುಕೊಳ್ಳುತ್ತಾರಂತೆ. "ಹೊಲೀಲಿಕ್ಕೆ ಹೋಗ್ಬೇಡಿ ಆಂಟಿ. ಆ ತೂತೇ ಚಂದ ಮಾರಾಯ್ರೆ." ಕೊಟ್ಟರೆ ನಿನ್ನ ಮೈವಾಸನೆಯಿರುವುದು ಮನೆಯಲ್ಲಿ ಇನ್ನೇನೂ ಉಳಿಯುವುದಿಲ್ಲ. ಕೊಡದಿದ್ದರೆ ನಿನ್ನ ಬರಹ ಗೋಡೆಯ ಮೇಲೆ ಒಂಟಿ.

ಮಧ್ಯಾಹ್ನ ಸೀರೆ ಕತ್ತರಿಸಿದೆ ಪವಿ. ಇಷ್ಟು ಸುಲಭವೆಂದು ಗೊತ್ತಿರಲಿಲ್ಲ. ಅಂಗೈಯಗಲದ ತುಂಡನ್ನು ಮೊಣಕೈಗಿಟ್ಟು ಹೊಲಿದೆ. ಕೊನೆಯ ಅಂಚು ಮುಚ್ಚುವ ಮೊದಲು ಒಳಗೊಂದು ರೊಟ್ಟಿಯ ಚೂರಿಟ್ಟೆ. ಕೌದಿಯ ಹೊಟ್ಟೆ ಹಸಿದಿರಬಾರದೆಂದು ನಮ್ಮವ್ವ ಇಡುತ್ತಿದ್ದಳು. ಹುಳ ಬೀಳುತ್ತದೆಂದು ಶ್ಯಾರನ್ ಬೈಯಬಹುದು. ಬೈಯಲಿ.

ಸ್ವೆಟರನ್ನು ಚೀಲದಲ್ಲಿ ಒಯ್ಯುವುದಿಲ್ಲ, ತೊಟ್ಟುಕೊಂಡೇ ಹೋಗುತ್ತೇನೆ. ಡ್ರೈವರಿಲ್ಲದ ಯು-ಬಾನ್ ರೈಲಿನಲ್ಲಿ ಎಲ್ಲಕ್ಕಿಂತ ಮುಂದೆ, ನೀನು ಕೂರುತ್ತಿದ್ದ ಜಾಗದಲ್ಲಿ ಕೂರುತ್ತೇನೆ. ಸುರಂಗದ ದೀಪಗಳು ಒಂದೊಂದಾಗಿ ತೇಲಿ ಬಂದು ಮೈಮೇಲೆ ಹಾಯ್ದು ಹೋಗುತ್ತವೆ. ಸ್ವಲ್ಪ ಹೊತ್ತು ಆ ತೋಳುಗಳಲ್ಲಿ ಇಬ್ಬರೂ ಇರುತ್ತೇವೆ.

ಎಲ್ಲಿದ್ದರೂ ಬೆಚ್ಚಗಿರು ಮಗಳೇ, ಹೊಟ್ಟೆ ತುಂಬ ಉಣ್ಣು.

ನಿನ್ನ ಅವ್ವ,
ಮಹಾಂತಮ್ಮ

ನಾಳೆ ಹತ್ತು ಗಂಟೆಗೆ ಕಾಲೇಜಿನ ಬಾಗಿಲು ತೆರೆಯುತ್ತದೆ.