ನನ್ನ ನೆಟ್ಟಿಗೆ ರಜೆ ಕೊಟ್ಟೆ, ಓಬಣ್ಣನ ಕೆಲಸ ಹೋಯಿತು

ನಮ್ಮ ಊರಿಗೆ ಇಂಟರ್ನೆಟ್ ತಂತಿ ಎಳೆದ ಕಚೇರಿಯ ಅಧಿಕಾರಿಗಳಿಗೆ,

ಮಾನ್ಯರೇ, ನನ್ನ ಮನೆಯ ಇಂಟರ್ನೆಟ್ ಕೆಟ್ಟಿರಲಿಲ್ಲ, ಕೆಟ್ಟಿದ್ದು ನನ್ನ ತಲೆ. ಇದನ್ನು ಕೈಯಾರೆ ಬರೆದು ನಿಮ್ಮ ಮೇಜಿಗೆ ಮುಟ್ಟಿಸಿದ ಮೇಲೂ ಲೈನ್ ಕೆಲಸದ ಓಬಣ್ಣನನ್ನು ನೀವು ಮತ್ತೆ ಕರೆದಿಲ್ಲ. ಅದಕ್ಕೇ ಊರೆಲ್ಲ ಓದಲೆಂದು ಈ ಪತ್ರ. ಮರ್ಯಾದೆ ಹೋಗುವುದಾದರೆ ನನ್ನದೇ ಹೋಗಲಿ. ಅದು ಬಹಳ ಉಳಿದೂ ಇಲ್ಲ.

ಯಲ್ಲದಕೆರೆಯ ನಮ್ಮ ಮನೆಯಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಬಸವಣ್ಣನಿಗೆ ಅಂದು ಬಿಡುವು. ಎತ್ತು ಹೋಗಿ ಟ್ರ್ಯಾಕ್ಟರ್ ಬಂದಾಗ ಅದಕ್ಕೂ ಸೋಮವಾರ ರಜೆ ಕೊಟ್ಟೆ. ಆಮೇಲೆ ಸೊಸೆ ಚೈತ್ರಾ ಕಂಪ್ಯೂಟರ್ ತಂದಳು. ಈರುಳ್ಳಿ ಧಾರಣೆ ನೋಡಲು ನಾನೂ ಅದರ ಮುಂದೆ ಕೂರತೊಡಗಿದೆ. ದುಡಿಯುವುದೆಲ್ಲ ಒಂದೇ ಅಲ್ಲವೇ? ಅವಳು ಹೊಳಲ್ಕೆರೆಯ ತವರಿಗೆ ಹೋಗಿದ್ದಾಗ ಒಂದು ಸೋಮವಾರ ಸೆಟ್ಟಿಂಗ್ಸ್ ಒಳಗೆ ಹೊಕ್ಕು, ನೆಟ್‌ವರ್ಕ್ ಸಂಪರ್ಕ ಹುಡುಕಿ, ‘ನಿಷ್ಕ್ರಿಯಗೊಳಿಸು’ ಎಂಬುದನ್ನು ಒತ್ತಿದೆ. ಕರೆಂಟ್ ಆರಿಸಿದರೆ ಅದು ನಿದ್ದೆ, ರಜೆಯಲ್ಲ ಎಂಬುದು ನನ್ನ ತರ್ಕ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು ಅಷ್ಟುದ್ದದ ಪದ ಓದಿದೆನೆಂದು ಮೀಸೆ ಬೇರೆ ತಿರುವಿಕೊಂಡೆ. ಮಂಗಳವಾರ ಬೆಳಿಗ್ಗೆ ಎತ್ತು ತಾನೇ ಎದ್ದು ನಿಲ್ಲುತ್ತದೆ, ನೆಟ್ಟೂ ಹಾಗೇ ಎದ್ದೀತು ಎಂದುಕೊಂಡೆ. ಏಳಲಿಲ್ಲ. ಸಿಟ್ಟು ಮಾತ್ರ ಎದ್ದಿತು.

ಓಬಣ್ಣ ಬಂದು ನೋಡಿದ.

“ಯಜಮಾನ್ರೆ, ನೆಟ್ಟಿನ ಪೆಟ್ಟಿಗೆಯಾಗೆ ಹಸ್ರು ದೀಪ ಉರಿತೈತೆ. ಲೈನು ಚೆನ್ನಾಗೈತೆ. ಕಂಪ್ಯೂಟರ್‌ನಾಗೆ ಏನೋ ಆಗೈತೆ, ಒಂದ್ಸಲ ತೋರಿಸ್ರಿ.”

“ತಂತಿ ನಿಂದು, ಕಂಪ್ಯೂಟರ್ ನಂದು. ನಿಂದು ನೀನು ನೋಡ್ಕಳಲೇ.”

“ಹಂಗಾದ್ರೆ ನೀವೇ ನೋಡ್ರಿ, ನಾನು ಬಾಗ್ಲಾಗೆ ನಿಂತಿರ್ತೀನಿ.”

“ನಂಗೇ ಪಾಠ ಹೇಳ್ತೀಯೇನಲೇ?”

ಪಾಪ, ಸರಿಯಿದ್ದ ತಂತಿಯನ್ನೇ ನೋಡಲು ಬಿಸಿಲಲ್ಲಿ ಕಂಬ ಹತ್ತಿದ. ಅವನು ಇಳಿದು ಹೋದ ಮೇಲೆ, ಇವನು ಕೆಲಸಗಳ್ಳ, ತಂತಿ ಹಾಳು ಮಾಡಿ ಸುಳ್ಳು ಹೇಳುತ್ತಾನೆ ಎಂದು ನಿಮಗೆ ದೂರು ಬರೆದೆ. ಆ ವಾರವೇ ನೀವು ಅವನನ್ನು ಮನೆಗೆ ಕಳಿಸಿದಿರಿ. ನಿಮ್ಮ ಚುರುಕು ಕಂಡು ಸರ್ಕಾರ, ಕಂಪನಿ ಎಲ್ಲ ಹೀಗಿರಬೇಕು ಎಂದು ಕಟ್ಟೆಯ ಮೇಲೆ ಕೂತು ನಿಮ್ಮನ್ನು ಹೊಗಳಿದ ಮೂರ್ಖನೂ ನಾನೇ.

ಚೈತ್ರಾ ತವರಿನಿಂದ ಬಂದಳು. ಕಂಪ್ಯೂಟರ್ ಮುಂದೆ ಕೂತು, “ಮಾವ, ಇದನ್ನ ಯಾರು ಆಫ್ ಮಾಡಿದ್ದು?” ಎಂದಳು. ನಾನು ಸೂರು ನೋಡಿದೆ. “ಇನ್ಯಾರಮ್ಮ, ನೊಗ ಇಲ್ಲದ್ದಕ್ಕೂ ರಜಾ ಕೊಟ್ಟೋರು” ಎಂದಳು ನನ್ನ ಹೆಂಡತಿ ದ್ಯಾಮಮ್ಮ. ಸೊಸೆ ಒಂದು ಸಲ ಒತ್ತಿದಳು. ಈರುಳ್ಳಿ ಧಾರಣೆ ಬಂತು.

ಓಬಣ್ಣನ ಮನೆಗೆ ಹೋದೆ. ಬಬ್ಬೂರಿನ ಕಡೆ ಕೂಲಿಗೆ ಹೋಗಿ ಆಗಷ್ಟೇ ಬಂದಿದ್ದ. “ಕುಂತ್ಕಳ್ರಿ” ಎಂದ. ತಪ್ಪಾಯಿತು ಎಂದೆ. “ನಂತಾವ ಹೇಳಿ ಏನ್ ಮಾಡ್ತೀರಿ? ನೀವು ಬರೆದದ್ದಕ್ಕೆ ಹೋಗೈತೆ, ನೀವೇ ಬರೀರಿ” ಎಂದ. ಬರೆದೆ. ನಿಮ್ಮ ಗುಮಾಸ್ತರು ಓದಿ, “ದೂರು ವಾಪಸ್ ತಗಳಾಕೆ ಬರಲ್ಲ ಯಜಮಾನ್ರೆ, ಮೇಲಕ್ಕೆ ಕಳಿಸೀವಿ” ಎಂದರು.

ಆ ಮೇಲು ಎಲ್ಲಿದೆ, ಸ್ವಾಮಿ? ಜೋಗಿಮಟ್ಟಿ ಗುಡ್ಡದ ತುದಿಯಲ್ಲಿದ್ದರೂ ಇಷ್ಟೊತ್ತಿಗೆ ನಾನು ಮೊಣಕಾಲು ಹಿಡಿದುಕೊಂಡು ಹತ್ತಿ ಬಂದಿರುತ್ತಿದ್ದೆ. ನನ್ನ ಸುಳ್ಳಿಗೆ ನಿಮ್ಮ ಕಚೇರಿಯಲ್ಲಿ ನಾಲ್ಕು ಕಾಲಿತ್ತು, ನಿಜಕ್ಕೆ ಒಂದೂ ಇಲ್ಲವೇ? ನಾನು ಓದದವನು, ಮುಂಗೋಪಿ, ಒತ್ತಿದ್ದು ಏನೆಂದು ತಿಳಿಯದವನು. ಓದಿದ ನೀವು ಓಬಣ್ಣನನ್ನು ಒಂದು ಮಾತು ಕೇಳದೆ ಇಂಥವನ ಕಾಗದ ನಂಬಿದ್ದಾದರೂ ಹೇಗೆ? ನಮ್ಮಿಬ್ಬರಲ್ಲಿ ಹೆಚ್ಚು ದಡ್ಡ ಯಾರು ಎಂಬ ಪ್ರಶ್ನೆಯಲ್ಲಿ ನಿಮಗೆ ಎರಡನೇ ಸ್ಥಾನ ಕೊಡಲು ನಾನು ಈಗಲೂ ಸಿದ್ಧ.

ಓಬಣ್ಣನನ್ನು ಕೆಲಸಕ್ಕೆ ಕರೆಯಿರಿ. ಅವನ ಹೆಸರಿನ ಮುಂದಿರುವ ‘ಕೆಲಸಗಳ್ಳ’ ಎಂಬುದನ್ನು ಹೊಡೆದುಹಾಕಿ. ಹಾಗೆ ಹೊಡೆದುಹಾಕಲು ನಿಮ್ಮಲ್ಲಿ ಬರುವುದಿಲ್ಲವಾದರೆ ಅದರ ಮುಂದೆ ನನ್ನ ಹೆಸರು ಬರೆಯಿರಿ. ಅಲ್ಲಿಯವರೆಗೆ ನಮ್ಮ ಲೈನು ನಿಜವಾಗಿ ಕಡಿದು ಬಿದ್ದರೂ ಬೇರೆಯವರನ್ನು ಕಳಿಸಬೇಡಿ. ಒಳಗೆ ಬಿಡುವುದಿಲ್ಲ.

ಇಂತಿ,
ಆರಿಸಲು ಕಲಿತು ಹೊತ್ತಿಸಲು ಕಲಿಯದ
ರೇವಣಸಿದ್ದಪ್ಪ, ಯಲ್ಲದಕೆರೆ