ಹಲಗೆಯ ಮೇಲಿನ ರೈಲು

ಶನಿವಾರ, ಜನವರಿ 11. ಮಧ್ಯಾಹ್ನ

ಎಡಗಡೆಯ ತಿರುವಿಗೆ ಜಲ್ಲಿ ಹಾಕಿ ಮುಗಿಸಿದೆ. ಜಲ್ಲಿ ಅಂದರೆ ಮರಳು. ಜರಡಿ ಹಿಡಿದು, ಹಳಿಯ ಮಧ್ಯೆ ಸುರಿದು, ಹಳೇ ಬ್ರಷ್ಷಿನಿಂದ ಸಮ ಮಾಡಿ, ನೀರು ಬೆರೆಸಿದ ಅಂಟನ್ನು ಡ್ರಾಪರಿನಿಂದ ಹನಿ ಹನಿಯಾಗಿ ಬಿಡಬೇಕು. ಒಂದು ಗೇಣು ಹಳಿಗೆ ಹತ್ತಿರ ಹತ್ತಿರ ಒಂದು ಗಂಟೆ ಹಿಡಿಯುತ್ತದೆ. ಹಿಡಿಯಲಿ. ಗಂಟೆಗಳಿಗೇನೂ ಬರವಿಲ್ಲ.

ಜರಡಿ ಅತ್ತೆಯದು, ಟೀ ಸೋಸುವುದು. ಕೇಳದೆ ತಂದಿದ್ದೆ. ಬಾಗಿಲಲ್ಲಿ ನಿಂತು ನೋಡಿದರು.

"ಅಳಿಯಂದ್ರೇ, ನಾಳೆಯಿಂದ ಟೀಗೂ ಜಲ್ಲಿ ಹಾಕ್ತೀರೇನು?"

"ತೊಳೆದು ಕೊಡ್ತೀನಿ ಅತ್ತೆ."

"ಬೇಡಪ್ಪ. ರೈಲ್ವೆಗೆ ನನ್ನ ಕಡೆಯಿಂದ ಕಾಣಿಕೆ ಅಂತ ಇಟ್ಕೊಳ್ಳಿ."

ನಗಬೇಕಿತ್ತು. ನಕ್ಕೆ ಅಂತ ಕಾಣುತ್ತದೆ.

ಇಷ್ಟು ವರ್ಷ ನಿಜವಾದ ರೈಲು ಓಡಿಸಿದವನು ಈಗ ಹಿಂದಿನ ಕೋಣೆಯಲ್ಲಿ ಪ್ಲೈವುಡ್ ಹಲಗೆಯ ಮೇಲೆ ಆಟದ ರೈಲಿಗೆ ಹಳಿ ಹಾಸುತ್ತಿದ್ದೇನೆ. ಡಿಪೋದವರಿಗೆ ಗೊತ್ತಾಗಿದೆ. ಆಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಯಾರೂ ಆಡಿಕೊಳ್ಳಲಿಲ್ಲ. ನವೆಂಬರಿನಿಂದ ನನ್ನ ಜೊತೆ ಯಾರೂ ತಮಾಷೆ ಮಾಡುವುದಿಲ್ಲ, ಅತ್ತೆಯೊಬ್ಬರನ್ನು ಬಿಟ್ಟು.

ಭಾನುವಾರ, ಜನವರಿ 12. ಸಂಜೆ

ಡಾಕ್ಟರು ಎರಡು ಹೇಳಿದ್ದರು. ಕೈಗೆ ಏನಾದರೂ ಕೆಲಸ ಕೊಡಿ. ದಿನಾ ನಾಲ್ಕು ಸಾಲು ಬರೆಯಿರಿ, ಯಾರೂ ಓದುವುದಿಲ್ಲ, ನಾನೂ ಓದುವುದಿಲ್ಲ. ದಿನಾ ಆಗುವುದಿಲ್ಲ. ಶನಿವಾರ, ಭಾನುವಾರ ಸಾಕು.

ಇವತ್ತು ಸಿಗ್ನಲ್‌ಗಳು. ವೈರು ಎಳೆದು, ಹಲಗೆಯ ಕೆಳಗೆ ಅಂಗಾತ ಮಲಗಿ, ಬೆನ್ನು ಹಿಡಿದುಕೊಂಡು, ಅಂತೂ ಎಲ್ಲ ಹೊತ್ತಿಕೊಂಡವು. ಹೆಂಡತಿಯನ್ನೂ ಅತ್ತೆಯನ್ನೂ ಕರೆದೆ. ಇವಳ ಟೈಲರಿಂಗ್ ಅಂಗಡಿಗೆ ಭಾನುವಾರ ರಜೆ. ಇಬ್ಬರೂ ಕುರ್ಚಿ ಹಾಕಿಕೊಂಡು ಕೂತರು. ಕೂತೇ ಇದ್ದರು.

ಅತ್ತೆ ಕೇಳಿದರು: "ಎಲ್ಲಿ ದೀಪ?"

"ಹೊತ್ತಿವೆಯಲ್ಲ ಅತ್ತೆ."

"ಎಲ್ಲಾ ಗೋಡೆ ಕಡೆ ತಿರುಗಿಕೊಂಡು ನಿಂತಿವೆ. ಯಾರ ಮೇಲೆ ಕೋಪ ಅವಕ್ಕೆ?"

ಅವರ ಕುರ್ಚಿಯ ಹತ್ತಿರ ಹೋಗಿ ನೋಡಿದೆ. ನಿಜ. ಬರೀ ಕಪ್ಪು ಬೆನ್ನುಗಳು. ಬರುವ ಗಾಡಿಗೆ ಎದುರಾಗಿ ನೆಟ್ಟಿದ್ದೆ, ಇಂಜಿನ್ನಿನ ಒಳಗಿನಿಂದ ಹೇಗೆ ಕಾಣಬೇಕೋ ಹಾಗೆ. ನೋಡುವವರು ಕೋಣೆಯಲ್ಲಿ ಕೂರುತ್ತಾರೆ ಅನ್ನುವುದೇ ತಲೆಗೆ ಹೊಳೆದಿರಲಿಲ್ಲ.

"ಡ್ರೈವರಿಗೆ ಕಂಡ್ರೆ ಸಾಕಲ್ವಾ ಅತ್ತೆ."

"ಯಾವ ಡ್ರೈವರು? ಆ ಇಂಜಿನ್ನಲ್ಲಿ ಒಂದು ಇರುವೆ ಕೂತ್ಕೊಳ್ಳೋಕೂ ಜಾಗ ಇಲ್ಲ."

ಇವಳು ನಗಲಿಲ್ಲ, ನನ್ನ ಮುಖ ನೋಡುತ್ತಿದ್ದಳು. ಸಿಗ್ನಲ್‌ಗಳನ್ನು ತಿರುಗಿಸುವ ಗೋಜಿಗೆ ಹೋಗಲಿಲ್ಲ.

ಶನಿವಾರ, ಜನವರಿ 18

ವಾರವಿಡೀ ಡಿಪೋದ ಮೇಜಿನಲ್ಲಿ. ಯಾವ ಗಾಡಿಗೆ ಯಾರು ಅಂತ ಬೇರೆಯವರ ಹೆಸರು ಬರೆಯುವುದು. ಕೈಬರಹ ಸುಧಾರಿಸಿದೆ.

ಇನ್‌ಸ್ಪೆಕ್ಟರ್ ಬಂದಿದ್ದರು. ನಾವೆಲ್ಲ ಹಿಂದಿನಿಂದ ಅವರನ್ನು ಹಲ್ಲುಕಡ್ಡಿ ಅನ್ನುತ್ತೇವೆ, ಬಾಯಲ್ಲಿ ಅದಿಲ್ಲದೆ ಅವರನ್ನು ಕಂಡವರಿಲ್ಲ. ಅದನ್ನು ಆ ಕಡೆಯಿಂದ ಈ ಕಡೆಗೆ ಹೊರಳಿಸಿ ಹೇಳಿದರು: "ಮೆಡಿಕಲ್ ಪಾಸಾಗಿದೆಯಪ್ಪ. ಇನ್ನು ಟ್ರಯಲ್ ಒಂದು. ನಾನೇ ಪಕ್ಕದಲ್ಲಿರ್ತೀನಿ. ಅದೇ ಲೈನು. ಆ ಜಾಗ ಒಂದು ದಾಟಿಬಿಟ್ಟೆ ಅಂದ್ರೆ ಗಾಡಿ ನಿಂದು."

"ದಾಟ್ಲಿಲ್ಲ ಅಂದ್ರೆ?"

"ಈ ಮೇಜು ನಿಂದು. ರಿಟೈರ್ ಆಗೋವರೆಗೂ."

ಆ ಜಾಗ ಅಂದರೆ ಎರಡು ಸ್ಟೇಷನ್ನುಗಳ ನಡುವೆ ಹಳಿಗೆ ಅಡ್ಡ ಬರುವ ಕಾಲುದಾರಿ. ಒಂದು ಕಡೆ ಇಟ್ಟಿಗೆ ಗೂಡು, ಇನ್ನೊಂದು ಕಡೆ ಮನೆಗಳು. ಗೇಟಿಲ್ಲ. ಸಾವಿರ ಸಲ ದಾಟಿದ್ದೇನೆ.

ಇವತ್ತು ಹಲಗೆಯ ಕೆಲಸ ಏನೂ ಆಗಲಿಲ್ಲ. ಎದುರಿಗೆ ಕೂತಿದ್ದೆ, ಅಷ್ಟೇ.

ಭಾನುವಾರ, ಫೆಬ್ರವರಿ 2

ಎರಡು ವಾರ ಕೋಣೆಯ ಬಾಗಿಲು ತೆಗೆದಿರಲಿಲ್ಲ.

ಕಳೆದ ಸೋಮವಾರ ಟ್ರಯಲ್ ಇತ್ತು. ಇಂಜಿನ್ನಿನ ಮೆಟ್ಟಿಲು ಹತ್ತಿದೆ. ಸೀಟಿನ ಮೇಲೆ ಕೂತೆ. ಇಳಿದೆ. ಯಾಕೆ ಅಂದರೆ ಗೊತ್ತಿಲ್ಲ. ಭಯ ಅಂತ ಹೇಳುವ ಹಾಗಿರಲಿಲ್ಲ, ಕಾಲು ಇಳಿಯಿತು, ನಾನೂ ಅದರ ಹಿಂದೆ ಹೋದೆ.

ಹಲ್ಲುಕಡ್ಡಿ ಬೈಯಲಿಲ್ಲ. "ಹೊಟ್ಟೆನೋವು ಅಂತ ಬರೀತೀನಿ. ಇನ್ನೊಂದು ಸಲ ಕೊಡಿಸ್ತೀನಿ. ಆಮೇಲೆ ನನ್ನ ಕೈಲಿಲ್ಲ ನೋಡು." ಬೈದಿದ್ದರೆ ಚೆನ್ನಾಗಿತ್ತು.

ಮನೆಯಲ್ಲಿ ಅತ್ತೆಯೂ ಎರಡು ದಿನ ತಮಾಷೆ ಮಾಡಲಿಲ್ಲ. ಆಗ ಗೊತ್ತಾಯಿತು, ವಿಷಯ ಅವರವರೆಗೂ ಹೋಗಿದೆ ಅಂತ.

ಹಲಗೆಯ ಮೇಲಿನ ಧೂಳು ಒರೆಸಿದೆ.

ಶನಿವಾರ, ಫೆಬ್ರವರಿ 8. ಸಂಜೆ

ಗುಡ್ಡದ ಕೆಲಸ ಶುರು. ಕಾಗದದ ಉಂಡೆಗಳನ್ನು ಜೋಡಿಸಿ, ಮೇಲೆ ಇವಳ ಅಂಗಡಿಯ ಚಿಂದಿ ಬಟ್ಟೆಯನ್ನು ಪ್ಲಾಸ್ಟರಿನಲ್ಲಿ ಅದ್ದಿ ಹೊದಿಸುವುದು. ಇವಳೂ ಬಂದು ಕೂತಳು. ಬಟ್ಟೆ ಹರಿದು ಕೊಡುತ್ತಿದ್ದಳು, ನಾನು ಅದ್ದಿ ಅಂಟಿಸುತ್ತಿದ್ದೆ. ಬೇಗ ಬೇಗ ಮಾಡಬೇಕು, ಪ್ಲಾಸ್ಟರು ಕಾಯುವುದಿಲ್ಲ.

"ಅವತ್ತು ಏನಾಯ್ತು ಅಂತ ನಂಗೆ ಒಂದ್ಸಲಾನೂ ಹೇಳಿಲ್ಲ ನೀವು," ಅಂದಳು. ತಲೆ ಎತ್ತಲಿಲ್ಲ, ಬಟ್ಟೆ ಹರಿಯುತ್ತಲೇ ಇದ್ದಳು.

ಹೇಳಿದೆ.

ಬೆಳಗಿನ ಗಾಡಿ. ಬಿಸಿಲು ಚೆನ್ನಾಗಿತ್ತು, ಎಲ್ಲ ಕಾಣುತ್ತಿತ್ತು. ಒಬ್ಬ ಸೈಕಲ್ ತಳ್ಳಿಕೊಂಡು ಕಾಲುದಾರಿಯಲ್ಲಿ ದಾಟುತ್ತಿದ್ದ. ಸೈಕಲ್ಲಿನ ಹಿಂದಿನ ಚಕ್ರ ಸಿಕ್ಕಿಕೊಂಡಿತು. ಹಾರ್ನ್ ಹಾಕಿದೆ. ಸೈಕಲ್ ಬಿಟ್ಟು ಆಚೆ ಹೋದ. ದಾಟಿಯಾಗಿತ್ತು. ಬ್ರೇಕ್ ಹಾಕಿದ್ದೆ, ಆದರೆ ಅಷ್ಟು ದೊಡ್ಡ ಗಾಡಿ ಅಷ್ಟರಲ್ಲಿ ನಿಲ್ಲುವುದಿಲ್ಲ. ಹೋದರೆ ಸೈಕಲ್ ಹೋಗುತ್ತದೆ, ಹೋಗಲಿ ಅಂದುಕೊಂಡೆ. ಅವನು ಗಾಡಿಯನ್ನು ನೋಡಿದ. ಸೈಕಲ್ ನೋಡಿದ. ವಾಪಸ್ ಬಂದ.

"ಸೈಕಲ್‌ಗೋಸ್ಕರಾನಾ?"

"ಹೂಂ. ಕಿತ್ತು ಆಚೆ ಎಸೆದ. ಅದಕ್ಕೇನೂ ಆಗ್ಲಿಲ್ಲ."

ಇವಳು ಬಾಯಿಗೆ ಸೆರಗು ಅಡ್ಡ ಹಿಡಿದಳು. ಅತ್ತಳು. ನಾನು ಗುಡ್ಡ ನೋಡುತ್ತಿದ್ದೆ. ಬಟ್ಟಲಿನಲ್ಲಿ ಪ್ಲಾಸ್ಟರು ಗಟ್ಟಿಯಾಗಿ ಚಮಚ ನೆಟ್ಟಗೆ ನಿಂತುಬಿಟ್ಟಿತ್ತು.

ಹೇಳಿದರೆ ಹಗುರಾಗುತ್ತದೆ ಅಂದಿದ್ದರು ಡಾಕ್ಟರು. ಆಗಲಿಲ್ಲ. ಭಾರವೂ ಆಗಲಿಲ್ಲ. ಹೊಸ ಪ್ಲಾಸ್ಟರು ಕಲಸಿದೆ.

ಭಾನುವಾರ, ಫೆಬ್ರವರಿ 9

ಗುಡ್ಡ ಒಣಗಿದೆ. ಹಸಿರು ಬಳಿಯುವ ಕೆಲಸವನ್ನು ಅತ್ತೆ ತಾವಾಗಿಯೇ ವಹಿಸಿಕೊಂಡರು. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಸಣ್ಣ ಕುಂಚದಲ್ಲಿ ಎರಡು ಗಂಟೆ. ನಡುವೆ ಇವಳು ಏನೋ ಕೇಳಿದ್ದಕ್ಕೆ, "ಸುಮ್ನಿರೇ, ನಾನು ಡ್ಯೂಟಿಲಿದೀನಿ" ಅಂದರು.

ಸಂಜೆ ಮೊದಲ ಸಲ ಪೂರ್ತಿ ಸುತ್ತು. ಸ್ಟೇಷನ್ನಿನಿಂದ ಹೊರಟು, ಗುಡ್ಡದ ಹಿಂದೆ ಹೋಗಿ, ತಿರುವು ತಿರುಗಿ ಬಂತು. ಎಲ್ಲೂ ಹಳಿ ತಪ್ಪಲಿಲ್ಲ.

"ಹೊರಟ ಕಡೆಗೇ ವಾಪಸ್ ಬಂತಲ್ಲ ಅಳಿಯಂದ್ರೇ! ಇದಕ್ಕೆ ಇಷ್ಟು ತಿಂಗಳು ಬೇಕಾಯ್ತಾ?"

ಇವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವಳು ನಗುವುದನ್ನು ನೋಡಿ ಬಹಳ ದಿನ ಆಗಿತ್ತು. ಚೆನ್ನಾಗಿತ್ತು ಅಂತ ಬರೆಯಬೇಕು. ಬರೆದೆ.

ಭಾನುವಾರ, ಫೆಬ್ರವರಿ 23

ಎರಡೂ ದಿನ ಸೇತುವೆ. ಗುಡ್ಡ ಮತ್ತು ತಿರುವಿನ ನಡುವೆ ಹಳ್ಳ ಕೊರೆದು, ಅದರ ಮೇಲೆ ಕಂಬಗಳ ಸೇತುವೆ ಕೂರಿಸಿದೆ. ಅಂಚಿನ ಕಂಬ ಗಿಡ್ಡವಾಗಿದೆ. ಗಾಡಿ ಅದರ ಮೇಲೆ ಬಂದಾಗ ಒಂದು ಪಕ್ಕಕ್ಕೆ ವಾಲುತ್ತದೆ, ಬೀಳುವುದಿಲ್ಲ. ಇವಳಿಗೆ ಕಾಣುವುದೇ ಇಲ್ಲವಂತೆ. ನನಗೆ ಕಾಣುತ್ತದೆ. ಅಡಿಯಲ್ಲಿ ರಟ್ಟು ಇಟ್ಟೆ, ಜಾಸ್ತಿಯಾಯಿತು. ಕಾಗದ ಇಟ್ಟೆ, ಸಾಲದು. ಕಿತ್ತು ಮತ್ತೆ ಕೂರಿಸಿದೆ. ಊಟಕ್ಕೆ ಕರೆದದ್ದು ಕೇಳಿಸಲಿಲ್ಲವಂತೆ. ಅತ್ತೆ ತಟ್ಟೆಯನ್ನೇ ತಂದು ಸ್ಟೇಷನ್ನಿನ ಪಕ್ಕ ಇಟ್ಟು ಹೋಗಿದ್ದರು. ತಿಂದಾಗ ತಣ್ಣಗಾಗಿತ್ತು.

ಬುಧವಾರ ಟ್ರಯಲ್. ಕೊನೆಯದು. ಇವಳು ಎರಡು ಸಲ ಕೇಳಿದಳು, "ಹೆದ್ರಿಕೆ ಆಗ್ತಿದ್ಯೇನ್ರೀ?" ಇಲ್ಲ ಅಂದೆ. ನಿಜವಾಗಲೂ ಇಲ್ಲ. ಏನೂ ಇಲ್ಲ.

ಬುಧವಾರ, ಫೆಬ್ರವರಿ 26. ಸಂಜೆ

ಪಾಸ್. ಎಲ್ಲ ಸರಿಹೋಯಿತು. ಸುಸ್ತು. ಆಮೇಲೆ ಬರೆಯುತ್ತೇನೆ.

ಶನಿವಾರ, ಮಾರ್ಚ್ 1

ಇವಳು ಐಸ್‌ಕ್ರೀಂ ತಂದಿದ್ದಳು ಅವತ್ತು. ಅತ್ತೆಗೆ ಹಲ್ಲು ಜುಂ ಅನ್ನುತ್ತದೆ, ಆದರೂ ತಿಂದರು. "ನಮ್ಮ ಡ್ರೈವರಿಗೆ ಇನ್ನೊಂದು ಚಮಚ ಹಾಕೇ." ಇಬ್ಬರ ಮುಖವೂ ಅರಳಿಕೊಂಡಿತ್ತು. ಬಾಯಿ ಬಿಡಲು ಆಗಲಿಲ್ಲ ನನಗೆ.

ಆದದ್ದು ಇಷ್ಟು. ಹತ್ತಿದೆ. ಕೂತೆ. ಈ ಸಲ ಕಾಲು ಇಳಿಯಲಿಲ್ಲ. ಹೊರಟೆವು. ಮೊದಲ ಸ್ಟೇಷನ್ ಬಂತು, ಹೋಯಿತು. ಸಿಗ್ನಲ್ ನೋಡಿದೆ, ನಿಯಮದ ಪ್ರಕಾರ ಅದರ ಬಣ್ಣ ಕೂಗಿ ಹೇಳಿದೆ, ಹಲ್ಲುಕಡ್ಡಿಯೂ ಕೂಗಿ ಹೇಳಿದರು. ಹಳಿ ನೆಟ್ಟಗಿತ್ತು. ಎರಡನೇ ಸ್ಟೇಷನ್ನಿನಲ್ಲಿ ನಿಲ್ಲಿಸಿದೆ. ಅವರು ನನ್ನ ಬೆನ್ನ ಮೇಲೆ ಒಂದು ಬಾರಿಸಿದರು, ಹಲ್ಲುಕಡ್ಡಿ ಬಾಯಿಂದ ಬಿದ್ದೇ ಹೋಯಿತು.

"ದಾಟಿಬಿಟ್ಟೆಯಲ್ಲಯ್ಯಾ! ನಿನ್ನ ಕೈಯನ್ನೇ ನೋಡ್ತಾ ಇದ್ದೆ. ಒಂಚೂರು ನಡುಗ್ಲಿಲ್ಲ. ಹಾರ್ನೂ ಹಾಕಿದೆ."

ಯಾವಾಗ ಅಂತ ಬಾಯಿಗೆ ಬಂತು. ನುಂಗಿಕೊಂಡೆ.

ಇಟ್ಟಿಗೆ ಗೂಡು ನೋಡಿದ ನೆನಪಿಲ್ಲ. ಕಾಲುದಾರಿ ನೋಡಿದ ನೆನಪಿಲ್ಲ. ಹಾರ್ನ್ ಹಾಕಿದ್ದು ಕೈ, ನಾನಲ್ಲ. ನಾನು ಆ ಹೊತ್ತಿನಲ್ಲಿ ಸೇತುವೆಯ ಗಿಡ್ಡ ಕಂಬದ ಕೆಳಗೆ ಏನು ಇಡಬಹುದು ಅಂತ ಯೋಚಿಸುತ್ತಿದ್ದೆ. ಬೆಂಕಿಕಡ್ಡಿ ಸೀಳಿ ಇಟ್ಟರೆ ಸರಿಹೋದೀತು ಅಂತ. ಖುಷಿಯಾಗಿತ್ತು ಕೂಡ, ಉಪಾಯ ಹೊಳೆದದ್ದಕ್ಕೆ.

ಇಷ್ಟು ತಿಂಗಳು ಆ ಜಾಗಕ್ಕೆ ಹೆದರಿ ಕೂತವನು ಅದು ಬಂದಾಗ ಅಲ್ಲಿರಲೇ ಇಲ್ಲ.

ನಾಚಿಕೆಯಾಯಿತು. ಕಿವಿಯೆಲ್ಲ ಬಿಸಿಯಾಗುವಷ್ಟು. ನವೆಂಬರಿನಿಂದ ಈಚೆಗೆ ನನಗೆ ಏನಾದರೂ ಆಗಿದ್ದರೆ ಇದೇ ಮೊದಲು.

ಭಾನುವಾರ, ಮಾರ್ಚ್ 2. ಬೆಳಿಗ್ಗೆ

ಇವಳಿಗೆ ಹೇಳಿದೆ.

"ಮರೆತ್ರೆ ತಪ್ಪೇನ್ರೀ? ಅದಕ್ಕೇ ಅಲ್ವಾ ಇಷ್ಟೆಲ್ಲಾ ಮಾಡಿದ್ದು?" ಅಂದಳು. ಅವಳು ಹೇಳಿದ್ದು ಸರಿಯೇ. ನಾನೂ ಹೂಂಗುಟ್ಟಿದೆ. ಆಮೇಲೆ ಅವಳೇ ಕೇಳಿದಳು, "ಅವನು ಹೇಗಿದ್ದ?"

"ಯಾರು?"

"ಅವನೇರೀ. ಸೈಕಲ್ ಅವನು."

ಹಲ್ಲುಜ್ಜಿ ಬರ್ತೀನಿ ಅಂತ ಎದ್ದು ಬಂದೆ. ಹಲ್ಲುಜ್ಜಿ ಆಗಿತ್ತು.

ನಾಳೆ ಬೆಳಗಿನ ಗಾಡಿ ನನ್ನದು. ಅದೇ ಲೈನು. ಈ ಸಲ ನೋಡಿಯೇ ದಾಟಬೇಕು. ತಲೆಯಲ್ಲಿ ಬೇರೇನೂ ಇಟ್ಟುಕೊಳ್ಳದೆ. ಅವನಿಗೆ ಅಷ್ಟಾದರೂ... ನನ್ನನ್ನು ಬಿಟ್ಟರೆ ಅವನ ಕೊನೆಯ ಗಳಿಗೆ ನೋಡಿದವರು ಇನ್ಯಾರಿದ್ದಾರೆ. ಅದಕ್ಕೇ ಈಗ ಕೂತು ನೆನಪು ಮಾಡಿಕೊಳ್ಳುತ್ತಿದ್ದೇನೆ. ಕೋಣೆಯ ಬಾಗಿಲು ಹಾಕಿದ್ದೇನೆ. ಅಂಗಿ ಬಿಳಿ. ಅಲ್ಲ, ಬಿಳಿಯಲ್ಲ, ಬಿಸಿಲಿಗೆ ಹಾಗೆ ಕಂಡಿರಬೇಕು. ತೋಳು ಮಡಚಿದ್ದ. ವಯಸ್ಸು ನನ್ನಷ್ಟೇ... ಇನ್ನೂ ಚಿಕ್ಕವನೋ. ಗಾಡಿಯನ್ನು ನೋಡಿದ, ಅಂದರೆ ನನ್ನನ್ನೇ ನೋಡಿದ, ಎದುರಿಗೇ. ಮೀಸೆ ಇತ್ತು. ಇತ್ತೋ