ಬರ್ಗರ್ ಪಂದ್ಯದ ದಿನ ಕಂಬ ಕೇಳಿಸಿಕೊಂಡದ್ದು

ಹುಬ್ಬಳ್ಳಿ, ಫೆಬ್ರುವರಿ ಮೂವತ್ತು, ೨೧೭೯

ನೂರೈವತ್ತು ವರ್ಷ ಹಿಂದಿನ ಹಿರಿಯರೇ,

ತಾರೀಖು ನೋಡಿ ಕಾಗದ ಮಡಚಿಡಬೇಡಿ. ನಮ್ಮಲ್ಲಿ ಫೆಬ್ರುವರಿಗೂ ಮೂವತ್ತೇ ದಿನ. ಎಲ್ಲ ತಿಂಗಳೂ ಸಮ ಇರಲಿ ಎಂದು ನನ್ನ ಅಜ್ಜಿಯ ಕಾಲದಲ್ಲಿ ತೀರ್ಮಾನವಾಯಿತು. ವರ್ಷದ ಕೊನೆಗೆ ಉಳಿಯುವ ಐದು ದಿನಗಳಿಗೆ ಯಾರೂ ಹೆಸರಿಡಲಿಲ್ಲ. ಆ ದಿನಗಳಲ್ಲಿ ಹುಟ್ಟಿದವರು ಇನ್ನೂ ಗೊಣಗುತ್ತಿರುತ್ತಾರೆ. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಿ. ನಿಮ್ಮ ಕಾಲದ ಪುಸ್ತಕಗಳಲ್ಲಿ 'ಮಿಸ್ಡ್ ಕಾಲ್' ಎಂದರೇನೆಂದು ತಿಳಿಯಲು ನಾನೂ ಸಾಕಷ್ಟು ಹೆಣಗಿದ್ದೇನೆ.

ನಿಮ್ಮ ಕಾಲದ ಬರ್ಗರ್ ತಿನ್ನುವ ಪಂದ್ಯಗಳ ಚಿತ್ರಗಳು ನಮ್ಮ ಓದುಮನೆಯಲ್ಲಿವೆ. ಸಾಲಾಗಿ ಕುಳಿತವರು ಎರಡೂ ಕೈಯಲ್ಲಿ ಬನ್ನು ಹಿಡಿದು ನುಂಗುವುದು, ಸುತ್ತ ನಿಂತವರು ಮೈಮರೆತು ಅರಚುವುದು. ಮೊದಲು ನಾನೂ ತಿನ್ನುವವರನ್ನೇ ನೋಡುತ್ತಿದ್ದೆ. ಈಗ ಅರಚುವವರನ್ನು ನೋಡುತ್ತೇನೆ, ಅವರ ತಲೆಯ ಮೇಲೆ ಏನು ತೂಗಿದೆ ಎಂದು ಹುಡುಕುತ್ತೇನೆ. ಇದಕ್ಕೆ ಕಾರಣವಾದ ಸಂಗತಿಯನ್ನೇ ಬರೆಯಲು ಕುಳಿತಿದ್ದೇನೆ.

ಮೊದಲು ನಮ್ಮ ಬದುಕಿನ ರೀತಿ ತಿಳಿದಿರಲಿ. ಈಗ ಮನೆಮನೆಯಲ್ಲಿ ಒಲೆ ಇಲ್ಲ. ಸೆಕೆ ಹೆಚ್ಚಾದ ಮೇಲೆ ಮನೆಯೊಳಗೆ ಬೆಂಕಿ ಹಚ್ಚಬಾರದೆಂಬ ಕಾನೂನು ಬಂತು. ಓಣಿಗೊಂದರಂತೆ ಒಲೆಯಿದೆ; ಅದನ್ನು ಓಣಿಯೊಲೆ ಎನ್ನುತ್ತೇವೆ. ಹತ್ತಿಕಟ್ಟಿಗೆಯ ಪುಡಿಯನ್ನು ಇಟ್ಟಿಗೆಯಂತೆ ಒತ್ತಿ ಅದಕ್ಕೆ ಹಾಕುತ್ತಾರೆ. ಬಿಸಿಲು ಇಳಿದ ಮೇಲೆ ಬೀದಿಗಳ ಮೇಲಿನ ನೆರಳುಬಟ್ಟೆಯನ್ನು ಸುತ್ತಿಡುತ್ತಾರೆ, ಜನ ತಟ್ಟೆ ಹಿಡಿದು ಹೊರಗೆ ಬರುತ್ತಾರೆ. ರೊಟ್ಟಿ ಬಡಿಯುವ ಸದ್ದು ಕೇಳುತ್ತಿದ್ದಂತೆ ಜಗಳವಾಡಿ ಮಾತು ಬಿಟ್ಟವರೂ ಒಂದೇ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ನಮ್ಮ ಓಣಿಯ ಒಲೆ ನೋಡಿಕೊಳ್ಳುವವಳು ನನ್ನ ತಮ್ಮನ ಸೊಸೆ ದ್ಯಾಮವ್ವ. ಅವಳ ಅತ್ತೆಯೂ ಅದೇ ಒಲೆಯ ಮುಂದೆ ಕುಳಿತು ಮುದುಕಿಯಾದವಳು.

ಇನ್ನೊಂದು ಕೂಗುಕಂಬ. ನೀವು ಗುಂಡಿ ಒತ್ತಿ ಮತ ಹಾಕುತ್ತಿದ್ದಿರಂತೆ. ನಾವು ಕೂಗುತ್ತೇವೆ. ಮೈದಾನದಲ್ಲಿ ಪ್ರತಿ ಓಣಿಗೂ ಒಂದು ಕಂಬವಿದೆ. ಕೇಳಬೇಕಾದ ವಿಷಯವನ್ನು ಕಂಬದ ಬುಡದಲ್ಲಿ ಬೆಳಕಿನ ಅಕ್ಷರದಲ್ಲಿ ಬರೆಯುತ್ತಾರೆ. ಒಪ್ಪಿಗೆ ಇದ್ದವರು ಕೂಗುತ್ತಾರೆ, ಇಲ್ಲದವರು ಸುಮ್ಮನಿರುತ್ತಾರೆ. ಕೂಗಿನ ಜೋರಿಗೆ ತಕ್ಕಂತೆ ಕಂಬದಲ್ಲಿ ಬೆಳಕು ಏರುತ್ತದೆ. ಅದು ತುದಿ ಮುಟ್ಟಿ ನೂರು ಎಣಿಸುವಷ್ಟು ಹೊತ್ತು ನಿಂತರೆ ವಿಷಯ ಪಾಸಾದಂತೆ. ಚಪ್ಪಾಳೆಗೆ ಲೆಕ್ಕವಿಲ್ಲ, ಗಂಟಲಿಗೆ ಮಾತ್ರ. ಮೊದಮೊದಲು ಜನ ಬುಡವನ್ನು ಓದಿ ಕೂಗುತ್ತಿದ್ದರು. ಈಗ ಎಲ್ಲರ ಕಣ್ಣೂ ತುದಿಯ ಮೇಲೆ.

ಹೀಗಿರುವಾಗ ದುಂಡುತುತ್ತು ಎಂಬ ಬರ್ಗರ್ ಕಂಪನಿ ಪಂದ್ಯ ಸಾರಿತು. ಓಣಿಗೊಬ್ಬರು ತಿನ್ನಬೇಕು, ಗೆದ್ದ ಓಣಿಯ ಒಲೆಗೆ ಹತ್ತು ವರ್ಷ ಪುಕ್ಕಟೆ ಉರುವಲು. ಬರ್ಗರ್ ಮಾರುವವನಿಗೆ ರೊಟ್ಟಿಯ ಒಲೆ ಉರಿಯಲಿ ಎಂಬ ಆಸೆ ಯಾಕೆ? ಬೆಕ್ಕು ಇಲಿಯ ಮದುವೆಗೆ ಚಪ್ಪರ ಹಾಕಿಸಿಕೊಟ್ಟರೆ ನಾನು ಉಡುಗೊರೆ ತೆಗೆದುಕೊಂಡು ಹೋಗುವವಳಲ್ಲ. ಪಕ್ಕದ ಮನೆಯ ಫಕ್ಕೀರಪ್ಪನಿಗೆ ಇದನ್ನೇ ಹೇಳಿದೆ.

"ಗೌರಕ್ಕಾ, ನಿಮಗ ಹಾಲು ಕಂಡ್ರೂ ಸುಣ್ಣದ ನೀರ ಅನಸ್ತೈತಿ," ಎಂದು ನಕ್ಕ. "ಕೊಟ್ರ ಇಸ್ಕೊಳ್ಳೂದು. ದ್ಯಾಮವ್ವ ಗೆದ್ರ ನಿಮಗೂ ಬಿಸಿ ರೊಟ್ಟಿ."

ದ್ಯಾಮವ್ವ ಆಗಲೇ ಹೆಸರು ಕೊಟ್ಟಾಗಿತ್ತು. "ಅತ್ತೀ, ಈ ವರ್ಷ ಉರುವಲ ಅರ್ಧಕ್ಕ ಇಳಿಸ್ಯಾರ. ಸುಗ್ಗೀತನಕ ಎರಡೂ ಹೊತ್ತು ಒಲಿ ಹಚ್ಚಾಕ ಆಗೂದಿಲ್ಲ. ನನಗೇನ ಬರ್ಗರ್ ಮ್ಯಾಲೆ ಪ್ರೀತಿ ಉಕ್ಕಿಲ್ಲ," ಎಂದಳು.

ಪಂದ್ಯದ ಸಂಜೆ ಮೈದಾನ ತುಂಬಿತ್ತು. ವೇದಿಕೆಯ ಮೇಲೆ ಹನ್ನೆರಡು ಓಣಿಯವರು. ಮುಂದೆ ಬರ್ಗರಿನ ಗುಡ್ಡೆ, ಬನ್ನು ಅದ್ದಿಕೊಳ್ಳಲು ಒಬ್ಬೊಬ್ಬರಿಗೆ ಒಂದು ತಂಬಿಗೆ ನೀರು. ಆ ಬರ್ಗರುಗಳೊಳಗಿನ ಬಟಾಣಿ ಹಿಟ್ಟಿನ ವಡೆಗಿಂತ ನಮ್ಮ ನೆರಳುಬಟ್ಟೆ ಮೆತ್ತಗಿರುತ್ತದೆ. ನನಗೆ ವಿಚಿತ್ರ ಕಂಡದ್ದು ಒಂದೇ. ದೀಪಗಳೆಲ್ಲ ತಿನ್ನುವವರ ಮೇಲಿದ್ದವು, ಮೈಕುಗಳೆಲ್ಲ ನಮ್ಮ ಕಡೆ ಮುಖ ಮಾಡಿದ್ದವು. ಆಯಾ ಓಣಿಯವರು ಆಯಾ ಕಂಬದ ಕೆಳಗೇ ನಿಲ್ಲಬೇಕೆಂದು ಕಂಪನಿಯ ಹುಡುಗಿ ಮತ್ತೆಮತ್ತೆ ಕೈಮುಗಿದು ಹೇಳುತ್ತಿದ್ದಳು.

ಸೀಟಿ ಊದಿದರು. ದ್ಯಾಮವ್ವ ರೊಟ್ಟಿ ಬಡಿಯುವ ಲಯದಲ್ಲೇ ತಿನ್ನತೊಡಗಿದಳು, ಅವಸರವಿಲ್ಲದೆ, ನಿಲ್ಲದೆ. ಕಮ್ಮಾರ ಓಣಿಯ ದೈತ್ಯ ಮೂಕಪ್ಪನೊಬ್ಬನೇ ಅವಳ ಸಮಕ್ಕಿದ್ದ. ನಮ್ಮ ಜನಕ್ಕೆ ಆವೇಶ ಬಂತು.

"ನಾಚಬ್ಯಾಡವ್ವಾ, ತವರಮನಿ ಊಟ ಅಂತ ತಿಳಕೋ!"

ಕಮ್ಮಾರ ಓಣಿಯ ಕಂಬದ ಕಡೆಯಿಂದ: "ಏ ಮೂಕಪ್ಪಾ, ನುಂಗೋ, ಬಾಯಾಗ ಇಟಗೊಂಡು ಜಪಾ ಮಾಡಬ್ಯಾಡ!"

ಕಂಬದ ಬೆಳಕು ಏರುತ್ತಿತ್ತು. ಎಲ್ಲರೂ ಅದನ್ನು ಅಲಂಕಾರ ಎಂದುಕೊಂಡರು. ನಾನು ಹಳೆಯ ಕಾಲದವಳು. ಬಗ್ಗಿ ಬುಡ ನೋಡಿದೆ. ಅಕ್ಷರ ಇರುವೆಯಷ್ಟು ಸಣ್ಣದು. 'ಈ ಓಣಿಯ ಒಲೆಯನ್ನು ಮುಚ್ಚಿ, ಇನ್ನು ಮುಂದೆ ಊಟವನ್ನು ದುಂಡುತುತ್ತು ಕಂಪನಿ ಪೂರೈಸಲು ಒಪ್ಪಿಗೆ.'

ಫಕ್ಕೀರಪ್ಪನ ತೋಳು ಜಗ್ಗಿದೆ. "ಅಕ್ಕಾ, ಈಗ ಬ್ಯಾಡ, ಮುಂದಿದಾಳ ಆಕಿ!" ಎಂದು ಕೊಡವಿಕೊಂಡ. ಜನರನ್ನು ನೂಕಿಕೊಂಡು ವೇದಿಕೆಯ ಅಂಚಿಗೆ ಹೋದೆ. "ದ್ಯಾಮವ್ವಾ, ನಿಲ್ಲಸು! ಇವರು ಒದರಿದಷ್ಟೂ ನಿನ್ನ ಒಲಿ ಆರತೈತಿ! ಕಂಬದ ಬುಡಕ ಬರದಾರ!"

ಬಾಯಿ ತುಂಬ ಬನ್ನಿದ್ದ ಅವಳು ಒಮ್ಮೆ ಕಂಬ ನೋಡಿದಳು, ಒಮ್ಮೆ ನನ್ನನ್ನು ನೋಡಿದಳು. ತಟ್ಟೆಗೆ ಕೈ ಅಡ್ಡ ಹಿಡಿದಳು.

ಅದೇ ತಪ್ಪಾಯಿತು. ನಮ್ಮ ಸೀಮೆಯ ಊಟ ಬಲ್ಲವರಿಗೆ ಗೊತ್ತು. ಉಣ್ಣುವವರು ಸಾಕೆಂದು ಕೈ ಅಡ್ಡ ಹಿಡಿದರೆ ಬಡಿಸುವವರು ನಿಲ್ಲಿಸುವುದಿಲ್ಲ, ಅಲ್ಲಿಂದ ಶುರು ಮಾಡುತ್ತಾರೆ. ಮೊದಲ ಸಲ ಸಾಕೆಂದವರನ್ನು ನಂಬುವುದೇ ಅಗೌರವ. ಇಡೀ ಓಣಿ ಒಮ್ಮೆಲೇ ಬೀಗರಾಯಿತು.

"ನಾಚಕೋತಾಳ, ಬಿಡಬ್ಯಾಡ್ರೋ!"

"ನನ್ನ ಆಣಿ ಐತಿ ತಂಗೀ, ಒಂದ!"

"ಅರ್ಧರ ತಿನ್ನವ್ವಾ, ಓಣಿ ಮಾನಾ ಐತಿ!"

ಬೆಳಕು ತುದಿ ಮುಟ್ಟಿತು. ನಾನು ಬೇಡ ಬೇಡವೆಂದು ಕಿರುಚಿದ್ದೂ ಆ ಬೆಳಕಿಗೇ ಸೇರಿತು. ಕಂಪನಿಯ ಹುಡುಗಿ ತುಟಿಯಲ್ಲೇ ಎಣಿಸುತ್ತಿದ್ದಳು.

ಆಗ ದ್ಯಾಮವ್ವ ತಂಬಿಗೆ ಎತ್ತಿದಳು. ಉಳಿದ ಬರ್ಗರುಗಳ ಮೇಲೇ ಬಲಗೈ ಚಾಚಿ ನೀರು ಸುರಿದುಕೊಂಡು, ಬೆರಳು ಬೆರಳು ತಿಕ್ಕಿ ಕೈ ತೊಳೆದಳು.

ಮೈದಾನದ ನಮ್ಮ ಭಾಗ ಗಪ್ಪಾಯಿತು. ಕೈ ತೊಳೆದವರನ್ನು ನಮ್ಮಲ್ಲಿ ಯಾರೂ ಒತ್ತಾಯ ಮಾಡುವುದಿಲ್ಲ. ಮಾಡಲು ಬಾಯಿಯೇ ಬರುವುದಿಲ್ಲ. ಬೆಳಕು ಬಾವಿಗೆ ಬಿದ್ದ ಕೊಡದಂತೆ ಕೆಳಗಿಳಿಯಿತು. ಹಿಂದಿನಿಂದ ಒಬ್ಬ ಮುದುಕಿ ಮೆಲ್ಲಗೆ ಕೇಳಿದಳು: "ಊಟ ಆತೇನವ್ವಾ?"

"ಆತ್ರೀ," ಎಂದಳು ದ್ಯಾಮವ್ವ, ಕೆಳಗಿಳಿದು ಬಂದಳು.

ಮೂಕಪ್ಪ ಗೆದ್ದ. ಅವನ ಓಣಿಯವರು ಅವನನ್ನು ಹೊತ್ತು ಕುಣಿದರು, ಅವರ ಕಂಬ ದೀಪಾವಳಿಯಂತೆ ಉರಿಯುತ್ತಲೇ ಇತ್ತು. ಹಿಂದೆ ಬಿದ್ದ ಉಳಿದ ಓಣಿಗಳ ಕಂಬಗಳಲ್ಲಿ ಬೆಳಕು ಅರ್ಧಕ್ಕೂ ಏರಿರಲಿಲ್ಲ. ಮಾರನೆಯ ವಾರ ಕಮ್ಮಾರ ಓಣಿಯ ಒಲೆಯನ್ನು ಒಡೆದರು, ಅವರದೇ ಒಪ್ಪಿಗೆಯಂತೆ. ಬಹುಮಾನದ ಉರುವಲೂ ಮಾತು ತಪ್ಪದೆ ಬಂತು. ಒಲೆಯಿಲ್ಲದ ಕಟ್ಟೆಯ ಮುಂದೆ ಅದನ್ನು ಒಟ್ಟಿದ್ದಾರೆ, ನಾಯಿಗಳು ಅದರ ಮೇಲೆ ಮಲಗುತ್ತವೆ.

ನಮ್ಮ ಓಣಿಯವರಿಗೆ ಇದರಿಂದ ಬುದ್ಧಿ ಬಂದಿರಬಹುದು ಎಂದುಕೊಂಡೀರಿ. ಇಲ್ಲ. ನಾನು ಬುಡ ತೋರಿಸುವ ಹೊತ್ತಿಗೆ ಅಕ್ಷರಗಳು ಅಳಿಸಿಹೋಗಿದ್ದವು. "ಅವರಿಗೆ ಬರ್ಗರ್ ಬೇಕಾಗಿತ್ತೇನೋ, ಒದರಿದ್ರು," ಎಂದ ಫಕ್ಕೀರಪ್ಪ. ಸಾಲಿನಲ್ಲಿ ನಿಂತವರು ದ್ಯಾಮವ್ವ ಬಡಿದ ರೊಟ್ಟಿಯನ್ನೇ ತಿನ್ನುತ್ತ, ಗೆಲ್ಲುವ ಊಟ ಬಿಟ್ಟೆದ್ದು ಬಂದವಳೆಂದು ಅವಳನ್ನೇ ಚುಚ್ಚುತ್ತಾರೆ. ಅವಳು ಅರ್ಧ ಉರುವಲಿನಲ್ಲಿ ಒಪ್ಪೊತ್ತಿನ ಒಲೆ ಹಚ್ಚುತ್ತಾಳೆ. ರೊಟ್ಟಿ ತೆಳ್ಳಗಾಗಿದೆ, ಆದರೂ ಬಿಸಿಯಾಗಿದೆ.

ನಾನು ನಿಮಗೆ ಬರೆಯುವುದು ಇವರು ಕೇಳುವುದಿಲ್ಲವೆಂದೇ. ನಿಮ್ಮ ಕಾಲದಲ್ಲಿ ಕಂಬಗಳಿರಲಿಲ್ಲ ಎನ್ನುತ್ತಾರೆ. ನನಗೆ ನಂಬಿಕೆ ಬರುತ್ತಿಲ್ಲ. ಕಣ್ಣಿಗೆ ಕಾಣುವಂತೆ ನೆಟ್ಟಿರಲಿಲ್ಲ ಎಂದಷ್ಟೇ ನಾನು ಒಪ್ಪುತ್ತೇನೆ. ಯಾರೋ ಪುಕ್ಕಟೆ ಮೋಜು ಏರ್ಪಡಿಸಿ ನಿಮ್ಮನ್ನು ಮೈಮರೆಯುವಂತೆ ಕೂಗಿಸಿದರೆ, ಆ ಕೂಗು ಎಲ್ಲಿಗೆ ಹೋಗುತ್ತದೆ ಎಂದು ಒಬ್ಬರಾದರೂ ಬಗ್ಗಿ ನೋಡಿ. ನೋಡಿದ್ದನ್ನು ಎಲ್ಲಾದರೂ ಬರೆದಿಡಿ. ನಮ್ಮ ಓದುಮನೆಯಲ್ಲಿ ಅಂಥ ಒಂದು ಸಾಲಿಗಾಗಿ ಹುಡುಕಿ ಸೋತಿದ್ದೇನೆ.

ಮುಂದಿನ ಪಂದ್ಯದ ನಿಯಮಗಳು ನಿನ್ನೆ ಬಂದವು. ಬಹುಮಾನ ಎರಡರಷ್ಟು. ಬರ್ಗರ್ ಅದೇ, ಮೈದಾನ ಅದೇ, ಕಂಬಗಳೂ ಅವೇ. ಬದಲಾಗಿರುವುದು ಒಂದೇ ಒಂದು: ಈ ಸಲ ವೇದಿಕೆಯ ಮೇಲೆ ನೀರು ಇಡುವುದಿಲ್ಲವಂತೆ.

ನಿಮ್ಮ ವಂಶದವಳು,
ಗೌರವ್ವ ಸವಡಿ